ಕಾಲ್ಪನಿಕ ಕುಸ್ತಿ ಲೀಗಿನ ಪ್ರದರ್ಶನಕ್ಕೆ ಅಭಿಪ್ರಾಯ ಹೇಳುವುದು ಹೇಗೆ?

ರೆಸ್ಲಿಂಗ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಟಿ.ವಿ.ಯಲ್ಲಿ ಬರುವ ಡಬ್ಲ್ಯೂಡಬ್ಲ್ಯೂಇ ನೆನಪಾಗುತ್ತದೆ. ಅಂಡರ್‌ಟೇಕರ್, ಜಾನ್ ಸೀನಾ ಮುಂತಾದ ಹೆಸರುಗಳನ್ನು ಕೇಳದ ವಿದ್ಯಾರ್ಥಿಗಳು ಕಡಿಮೆ. ಆದರೆ ರಿಂಗ್ ಇಲ್ಲದ, ಪೈಲ್ವಾನರೂ ಇಲ್ಲದ, ಕೇವಲ ಬರಹದಲ್ಲಿಯೇ ನಡೆಯುವ ರೆಸ್ಲಿಂಗ್ ಲೀಗುಗಳೂ ಇವೆ ಎಂಬುದು ಹಲವರಿಗೆ ಗೊತ್ತಿರಲಿಕ್ಕಿಲ್ಲ. ಅಮೆರಿಕ, ಬ್ರಿಟನ್ ಮುಂತಾದ ದೇಶಗಳಲ್ಲಿ ಇವನ್ನು ಇ-ಫೆಡ್ ಎಂದು ಕರೆಯುತ್ತಾರೆ. ಇಲ್ಲಿ ಪ್ರತಿಯೊಬ್ಬ ಸದಸ್ಯನೂ ಒಬ್ಬ ಪೈಲ್ವಾನನನ್ನು ಕಲ್ಪಿಸಿ, ಅವನ ಪರವಾಗಿ ಬರೆಯುತ್ತಾನೆ. ಎಲ್ಲರ ಬರಹಗಳೂ ಸೇರಿ ವಾರಕ್ಕೊಂದು ಅಥವಾ ತಿಂಗಳಿಗೊಂದು ಪ್ರದರ್ಶನವಾಗುತ್ತದೆ. ಪ್ರದರ್ಶನ ಮುಗಿದ ಮೇಲೆ ಸದಸ್ಯರು ಓದಿ ತಮ್ಮ ಅಭಿಪ್ರಾಯ ತಿಳಿಸಬೇಕು. ಈ ಕೊನೆಯ ಕೆಲಸ ನೋಡಲು ಸುಲಭ, ಮಾಡಲು ಕಷ್ಟ. ಅದನ್ನು ಸರಿಯಾಗಿ ಮಾಡುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಒಂದು ಮಾತು ಮೊದಲೇ ಸ್ಪಷ್ಟವಾಗಲಿ. ನಮ್ಮ ಗರಡಿ ಮನೆಯ ಕುಸ್ತಿ, ಮೈಸೂರು ದಸರಾದಲ್ಲಿ ನಡೆಯುವ ಕುಸ್ತಿ ನಿಜವಾದ ಸ್ಪರ್ಧೆ. ಅಲ್ಲಿ ಯಾರು ಗೆಲ್ಲುತ್ತಾರೆ ಎಂದು ಮೊದಲೇ ತೀರ್ಮಾನವಾಗಿರುವುದಿಲ್ಲ. ಟಿ.ವಿ.ಯ ವೃತ್ತಿಪರ ರೆಸ್ಲಿಂಗ್ ಹಾಗಲ್ಲ. ಅಲ್ಲಿ ಬೀಳುವುದು, ಏಳುವುದು, ನೋವು ಎಲ್ಲವೂ ನಿಜವಾಗಿದ್ದರೂ ಫಲಿತಾಂಶ ಮಾತ್ರ ಮೊದಲೇ ಬರೆದಿಟ್ಟದ್ದು. ಈ ಗುಟ್ಟನ್ನು ಹೊರಗೆ ಬಿಡದಿರುವ ಪದ್ಧತಿಗೆ ರೆಸ್ಲಿಂಗ್ ಲೋಕದಲ್ಲಿ ಕೇಫೇಬ್ ಎಂಬ ಹೆಸರಿದೆ. ಬಹಳ ವರ್ಷ ಕಾಪಾಡಿಕೊಂಡು ಬಂದ ಈ ಗುಟ್ಟನ್ನು 1989ರಲ್ಲಿ ಆಗಿನ ಡಬ್ಲ್ಯೂಡಬ್ಲ್ಯೂಎಫ್ ಸಂಸ್ಥೆಯೇ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ಒಪ್ಪಿಕೊಂಡಿತು. ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು ಹೇಳಿದರೆ ಕ್ರೀಡೆಗಳ ಮೇಲಿದ್ದ ಸರಕಾರಿ ನಿಯಂತ್ರಣದಿಂದ ಬಿಡುಗಡೆ ಸಿಗುತ್ತಿತ್ತು ಎಂಬುದೇ ಅದಕ್ಕೆ ಕಾರಣ.

ಫ್ರಾನ್ಸಿನ ಚಿಂತಕ ರೋಲಾಂ ಬಾರ್ತ್ 1957ರಲ್ಲಿ ಪ್ರಕಟವಾದ ‘ಮೈಥಾಲಜೀಸ್’ ಪುಸ್ತಕದಲ್ಲಿ ರೆಸ್ಲಿಂಗ್ ಬಗ್ಗೆ ಒಂದು ಪ್ರಬಂಧ ಬರೆದಿದ್ದಾರೆ. ಇದು ಕ್ರೀಡೆಯಲ್ಲ, ಒಂದು ದೃಶ್ಯ ಪ್ರದರ್ಶನ. ಪಂದ್ಯ ಮೊದಲೇ ನಿಗದಿಯಾಗಿದೆಯೇ ಎಂಬ ಪ್ರಶ್ನೆಗೆ ಪ್ರೇಕ್ಷಕ ತಲೆ ಕೆಡಿಸಿಕೊಳ್ಳುವುದೇ ಇಲ್ಲ ಎಂಬುದು ಅವರ ವಾದ. ನಮ್ಮ ಕರಾವಳಿಯ ತಾಳಮದ್ದಳೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪ್ರಸಂಗದ ಕೊನೆ ಏನೆಂದು ಎಲ್ಲರಿಗೂ ಗೊತ್ತಿದ್ದರೂ ಅರ್ಥಧಾರಿಗಳ ಮಾತನ್ನು ಕೇಳಲು ಜನ ರಾತ್ರಿಯಿಡೀ ಕೂರುತ್ತಾರೆ. ಏನಾಯಿತು ಎಂಬುದಕ್ಕಿಂತ ಹೇಗಾಯಿತು ಎಂಬುದೇ ಅಲ್ಲಿ ಮುಖ್ಯ.

ಪ್ರದರ್ಶನ ತಯಾರಾಗುವ ಬಗೆ

ಅಂತರ್ಜಾಲ ಮನೆಮನೆಗೆ ಬರುವ ಮುಂಚೆಯೇ ಅಮೆರಿಕದಲ್ಲಿ ಅಂಚೆಯ ಮೂಲಕ ಇಂಥ ಲೀಗುಗಳನ್ನು ಆಡುತ್ತಿದ್ದರು. 1986ರಲ್ಲಿ ‘ಚಾಂಪಿಯನ್ಸ್ ಆಫ್ ದ ಗ್ಯಾಲಕ್ಸಿ’ ಎಂಬ, ಕಾಲ್ಪನಿಕ ಪೈಲ್ವಾನರ ಕಾರ್ಡುಗಳನ್ನು ಇಟ್ಟುಕೊಂಡು ದಾಳ ಹಾಕಿ ಆಡುವ ಆಟವೂ ಬಂತು. 1990ರ ದಶಕದಲ್ಲಿ ಇಮೇಲ್ ಮತ್ತು ಅಂತರ್ಜಾಲದ ಚರ್ಚಾ ಗುಂಪುಗಳು ಬಂದ ಮೇಲೆ ಈ ಹವ್ಯಾಸ ಬೇಗನೆ ಹರಡಿತು.

ಲೀಗಿಗೆ ಸೇರುವವನು ಮೊದಲು ತನ್ನ ಪೈಲ್ವಾನನ ವಿವರ ಬರೆದು ಕೊಡಬೇಕು: ಹೆಸರು, ಎತ್ತರ, ತೂಕ, ಊರು, ಸ್ವಭಾವ, ರಿಂಗಿಗೆ ಬರುವಾಗ ಕೇಳಿಸುವ ಸಂಗೀತ, ಪಂದ್ಯ ಮುಗಿಸುವ ವಿಶೇಷ ಪಟ್ಟು. ಪೈಲ್ವಾನ ಒಳ್ಳೆಯವನಾದರೆ ಫೇಸ್, ಕೆಟ್ಟವನಾದರೆ ಹೀಲ್. ಅವನ ಹಿಂದೆ ಕುಳಿತು ಬರೆಯುವ ಸದಸ್ಯನಿಗೆ ಹ್ಯಾಂಡ್ಲರ್ ಎನ್ನುತ್ತಾರೆ. ಯಾರಿಗೆ ಯಾರೊಡನೆ ಪಂದ್ಯ ಎಂದು ಗೊತ್ತುಮಾಡುವವನು ಬುಕರ್. ಪಂದ್ಯಕ್ಕೆ ಮುನ್ನ ಇಬ್ಬರೂ ತಮ್ಮ ಪೈಲ್ವಾನರ ಮಾತನ್ನು ಬರೆದು ಗಡುವಿನೊಳಗೆ ಕಳುಹಿಸುತ್ತಾರೆ. ಎದುರಾಳಿಗೆ ಸವಾಲು ಹಾಕುವ ಈ ಮಾತಿಗೆ ಪ್ರೋಮೋ ಎಂದು ಹೆಸರು.

ಫಲಿತಾಂಶ ನಿರ್ಧರಿಸುವ ಕ್ರಮ ಎಲ್ಲ ಲೀಗುಗಳಲ್ಲೂ ಒಂದೇ ಅಲ್ಲ. ಕೆಲವು ಲೀಗುಗಳಲ್ಲಿ ತೀರ್ಪುಗಾರರು ಯಾರ ಪ್ರೋಮೋ ಚೆನ್ನಾಗಿದೆ ಎಂದು ನೋಡಿ ಗೆಲುವು ಕೊಡುತ್ತಾರೆ. ಕೆಲವದರಲ್ಲಿ ಹ್ಯಾಂಡ್ಲರುಗಳು ಮಾತಾಡಿಕೊಂಡು ಕಥೆಗೆ ಹೊಂದುವಂತೆ ಗೆಲುವು ಸೋಲು ಗೊತ್ತುಮಾಡುತ್ತಾರೆ. ಇನ್ನು ಕೆಲವದರಲ್ಲಿ ದಾಳ ಅಥವಾ ಕಂಪ್ಯೂಟರ್ ಪ್ರೋಗ್ರಾಂ ತೀರ್ಮಾನಿಸುತ್ತದೆ. ಯಾವ ಕ್ರಮವಾದರೂ ಕೊನೆಗೆ ಯಾರಾದರೂ ಕುಳಿತು ಇಡೀ ಪಂದ್ಯವನ್ನು ಪಟ್ಟು ಪಟ್ಟಾಗಿ ಬರೆಯಲೇಬೇಕು. ಇಬ್ಬರು ವೀಕ್ಷಕ ವಿವರಣೆಗಾರರ ಮಾತು, ಪ್ರೇಕ್ಷಕರ ಕೂಗು, ಪಂದ್ಯಗಳ ನಡುವಿನ ಸಣ್ಣ ದೃಶ್ಯಗಳು ಎಲ್ಲವೂ ಬರಹದಲ್ಲೇ ಬರಬೇಕು. ಐದಾರು ಪಂದ್ಯಗಳ ಒಂದು ಪ್ರದರ್ಶನ ಎಂದರೆ ಒಂದು ಸಣ್ಣ ನಾಟಕದಷ್ಟು ಬರವಣಿಗೆ.

ಇದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಟಿಕೆಟ್ ಇಲ್ಲ, ಚಪ್ಪಾಳೆ ಕೇಳಿಸುವುದಿಲ್ಲ. ಬರೆದವನಿಗೆ ಸಿಗುವ ಕೂಲಿ ಎಂದರೆ ಓದಿದವರ ಅಭಿಪ್ರಾಯ ಮಾತ್ರ. ಅದೂ ಸಿಗದಿದ್ದರೆ ಅವನು ಎಷ್ಟು ವಾರ ಬರೆದಾನು? ಇಂಥ ಲೀಗು ಬಾಗಿಲು ಹಾಕಲು ದೊಡ್ಡ ಜಗಳವೇ ಆಗಬೇಕಿಲ್ಲ, ಓದುಗರು ಸುಮ್ಮನಿದ್ದರೂ ಸಾಕು.

‘ಸೂಪರ್’ ಎಂದರೂ ಸಾಲದು, ‘ವೇಸ್ಟ್’ ಎಂದರೂ ಸಾಲದು

ಸಾಮಾನ್ಯವಾಗಿ ಪ್ರದರ್ಶನ ಓದಿದವರು ಎರಡು ರೀತಿಯಲ್ಲಿ ಬರೆಯುತ್ತಾರೆ. ‘ಸೂಪರ್ ಶೋ, ಎಲ್ಲರಿಗೂ ಅಭಿನಂದನೆ’ ಎಂಬುದು ಒಂದು. ‘ಈ ಸಲ ಬೋರಾಯಿತು’ ಎಂಬುದು ಇನ್ನೊಂದು. ಮೊದಲನೆಯದು ಸಂತೋಷ ಕೊಡುತ್ತದೆ, ಎರಡನೆಯದು ಬೇಸರ ತರಿಸುತ್ತದೆ. ಆದರೆ ಮುಂದಿನ ವಾರ ಏನು ಮಾಡಬೇಕು ಎಂಬುದನ್ನು ಎರಡೂ ಹೇಳುವುದಿಲ್ಲ. ಪ್ರದರ್ಶನವನ್ನು ಓದದೆಯೇ ಈ ಎರಡು ಮಾತುಗಳನ್ನೂ ಬರೆಯಬಹುದು. ಓದಿದ್ದೀರಿ ಎಂಬುದಕ್ಕೆ ಅವುಗಳಲ್ಲಿ ಯಾವ ಗುರುತೂ ಇಲ್ಲ.

ಅಂಕ ಕೊಡುವುದರಿಂದಲೂ ಈ ಸಮಸ್ಯೆ ಬಗೆಹರಿಯುವುದಿಲ್ಲ. ಅಮೆರಿಕದ ಪತ್ರಕರ್ತ ಡೇವ್ ಮೆಲ್ಟ್ಜರ್ ತಮ್ಮ ‘ರೆಸ್ಲಿಂಗ್ ಅಬ್ಸರ್ವರ್’ ಸುದ್ದಿಪತ್ರದಲ್ಲಿ ಪಂದ್ಯಗಳಿಗೆ ನಕ್ಷತ್ರ ಕೊಡುವ ಪದ್ಧತಿಯನ್ನು ಜನಪ್ರಿಯಗೊಳಿಸಿದರು. ಐದು ನಕ್ಷತ್ರ ಎಂದರೆ ಅತ್ಯುತ್ತಮ ಎಂದು ಎಲ್ಲರೂ ತಿಳಿದಿದ್ದರು. 2017ರ ಜನವರಿ 4ರಂದು ಟೋಕಿಯೊದಲ್ಲಿ ನಡೆದ ಕಜುಚಿಕಾ ಒಕಾಡಾ ಮತ್ತು ಕೆನ್ನಿ ಒಮೇಗಾ ಪಂದ್ಯಕ್ಕೆ ಅವರು ಆರು ನಕ್ಷತ್ರ ಕೊಟ್ಟರು. ಮರುವರ್ಷ ಅದೇ ಜೋಡಿಯ ಇನ್ನೊಂದು ಪಂದ್ಯಕ್ಕೆ ಏಳು! ಅಂಕ ಎಷ್ಟೇ ಏರಲಿ, ಪಂದ್ಯದ ಯಾವ ಭಾಗ ಮನಸ್ಸಿಗೆ ನಾಟಿತು ಎಂಬುದು ಅಂಕದೊಳಗೆ ಇರುವುದಿಲ್ಲ. ಅದನ್ನು ಮಾತಿನಲ್ಲೇ ಹೇಳಬೇಕು.

‘ನನ್ನ ಪೈಲ್ವಾನ ಯಾಕೆ ಸೋತ?’ ಎಂಬುದೂ ಅಭಿಪ್ರಾಯವಲ್ಲ, ಅದು ದೂರು. ಫಲಿತಾಂಶವನ್ನು ಯಾರೋ ಒಬ್ಬರು ತೀರ್ಮಾನಿಸಲೇಬೇಕಾದ ಆಟ ಇದು. ಒಳ್ಳೆಯ ಓದುಗ ಕೇಳಬೇಕಾದ ಪ್ರಶ್ನೆ ಬೇರೆ: ಈ ಸೋಲನ್ನು ನಾನು ನಂಬಿದೆನೇ? ನಂಬದಿದ್ದರೆ ಯಾವ ಜಾಗದಲ್ಲಿ ನಂಬಿಕೆ ತಪ್ಪಿತು?

ಏನನ್ನು ಗಮನಿಸಬೇಕು?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಳೆಯ ಚಾಂಪಿಯನ್ ಒಬ್ಬನಿಗೂ ಮುಖವಾಡ ಹಾಕಿದ ಹೊಸಬನಿಗೂ ಪಂದ್ಯ ನಡೆಯುತ್ತದೆ ಎಂದುಕೊಳ್ಳಿ. ಹಿಂದಿನ ವಾರ ಚಾಂಪಿಯನ್ನನ ಎಡ ಮೊಣಕಾಲಿಗೆ ಪೆಟ್ಟಾಗಿದೆ. ಈ ವಾರ ಅವನು ಗೆಲ್ಲುತ್ತಾನೆ.

ಮೊದಲನೆಯದಾಗಿ, ಪಂದ್ಯದೊಳಗಿನ ಕಾರಣ ಕಾರ್ಯ ಸಂಬಂಧ ನೋಡಿ. ಪಂದ್ಯದ ಅರ್ಧದವರೆಗೆ ಕುಂಟುತ್ತಿದ್ದವನು ಕೊನೆಗೆ ಮೂಲೆಯ ಕಂಬ ಹತ್ತಿ ಜಿಗಿದರೆ ಓದುಗ ಅಲ್ಲೇ ನಿಂತುಬಿಡುತ್ತಾನೆ. ‘ಪಂದ್ಯ ಸರಿಯಿಲ್ಲ’ ಎನ್ನುವ ಬದಲು, ‘ಮೊಣಕಾಲಿನ ನೋವು ಜಿಗಿಯುವ ಹೊತ್ತಿಗೆ ಮಾಯವಾಯಿತು. ಜಿಗಿದ ಮೇಲೆ ಅವನು ಕಾಲು ಹಿಡಿದುಕೊಂಡಿದ್ದರೆ ನಾನು ನಂಬುತ್ತಿದ್ದೆ’ ಎಂದು ಬರೆದರೆ ಲೇಖಕನಿಗೆ ಕೆಲಸಕ್ಕೆ ಬರುತ್ತದೆ.

ಎರಡನೆಯದಾಗಿ, ಪ್ರೋಮೋ. ಪೈಲ್ವಾನನ ಮಾತು ಅವನದೇ ಆಗಿದೆಯೇ, ಅಥವಾ ಯಾರ ಬಾಯಲ್ಲಿ ಇಟ್ಟರೂ ನಡೆಯುತ್ತದೆಯೇ? ‘ನಿನ್ನನ್ನು ಪುಡಿ ಮಾಡುತ್ತೇನೆ’ ಎಂದು ಯಾರು ಬೇಕಾದರೂ ಹೇಳಬಹುದು. ‘ಹತ್ತು ವರ್ಷ ಈ ಬೆಲ್ಟ್ ಕಾಯ್ದುಕೊಂಡು ನನ್ನ ಮಗಳ ಶಾಲೆಯ ಒಂದು ಕಾರ್ಯಕ್ರಮಕ್ಕೂ ಹೋಗಲಿಲ್ಲ’ ಎಂದು ಆ ಹಳೆಯ ಚಾಂಪಿಯನ್ ಮಾತ್ರ ಹೇಳಬಲ್ಲ. ಅಂಥ ಸಾಲು ಸಿಕ್ಕಿದರೆ ಅದನ್ನೇ ಎತ್ತಿ ಬರೆದು, ಇದು ಮನಸ್ಸಿಗೆ ತಾಗಿತು ಎಂದು ತಿಳಿಸಿ. ಯಾವುದು ಚೆನ್ನಾಗಿತ್ತು ಎಂದು ನಿಖರವಾಗಿ ಗೊತ್ತಾದರೆ ಲೇಖಕ ಅದನ್ನು ಮತ್ತೆ ಮಾಡುತ್ತಾನೆ. ಹೊಗಳಿಕೆಗೂ ವಿವರ ಬೇಕು.

ಮೂರನೆಯದಾಗಿ, ವೀಕ್ಷಕ ವಿವರಣೆ. ಟಿ.ವಿ.ಯಲ್ಲಿ ಕಣ್ಣಿಗೆ ಕಾಣುವುದನ್ನು ಬರಹದಲ್ಲಿ ವಿವರಣೆಗಾರರೇ ಕಾಣಿಸಬೇಕು. ಸಾಮಾನ್ಯವಾಗಿ ಒಬ್ಬ ನಡೆಯುವುದನ್ನು ಹೇಳುತ್ತಾನೆ, ಇನ್ನೊಬ್ಬ ಅದಕ್ಕೆ ಟೀಕೆ, ತಮಾಷೆ ಸೇರಿಸುತ್ತಾನೆ. ಇಬ್ಬರ ಧ್ವನಿಯೂ ಒಂದೇ ಆಗಿಬಿಟ್ಟರೆ ಯಾರು ಮಾತಾಡುತ್ತಿದ್ದಾರೆ ಎಂದು ತಿಳಿಯದು. ಎಲ್ಲಿ ಗೊಂದಲವಾಯಿತು ಎಂದು ಆ ಜಾಗವನ್ನೇ ತೋರಿಸಿ.

ನಾಲ್ಕನೆಯದಾಗಿ, ಹಿಂದು ಮುಂದಿನ ಹೊಂದಾಣಿಕೆ. ಕಳೆದ ತಿಂಗಳು ಸ್ನೇಹಿತರಾಗಿದ್ದವರು ಈ ತಿಂಗಳು ಕಾರಣವಿಲ್ಲದೆ ಶತ್ರುಗಳಾದರೆ, ಹಳೆಯ ಸಂಚಿಕೆಗಳನ್ನು ಓದಿದವರಿಗೆ ಮೋಸವಾದಂತೆ ಅನಿಸುತ್ತದೆ. ಹಲವರು ಸೇರಿ ಬರೆಯುವ ಕಥೆಯಲ್ಲಿ ಇಂಥ ತಪ್ಪು ಸಹಜ. ಅದನ್ನು ಹಿಡಿದು ತೋರಿಸಲು ಓದುಗನಿಗಿಂತ ಉತ್ತಮ ಕಾವಲುಗಾರ ಇಲ್ಲ.

ಐದನೆಯದಾಗಿ, ಪ್ರದರ್ಶನದ ಒಟ್ಟು ನಡಿಗೆ. ಮೊದಲ ಮೂರು ಪಂದ್ಯಗಳೂ ಹೊರಗಿನವರ ಹಸ್ತಕ್ಷೇಪದಿಂದಲೇ ಮುಗಿದರೆ, ನಾಲ್ಕನೆಯದರಲ್ಲಿ ಯಾರೋ ಓಡಿ ಬಂದಾಗ ಅಚ್ಚರಿ ಉಳಿಯುವುದಿಲ್ಲ. ಒಂದೊಂದು ಪಂದ್ಯವನ್ನು ಬೇರೆ ಬೇರೆಯವರು ಬರೆಯುವುದರಿಂದ ಇದು ಬರೆಯುವವರ ಗಮನಕ್ಕೆ ಬಾರದಿರಬಹುದು. ಮೊದಲಿನಿಂದ ಕೊನೆಯವರೆಗೆ ಒಮ್ಮೆಗೇ ಓದಿದವನ ಕಣ್ಣಿಗೆ ಬೀಳುತ್ತದೆ.

ಪಾತ್ರ ಬೇರೆ, ಬರೆಯುವವನು ಬೇರೆ

ಹೀಲ್ ಪಾತ್ರ ಬರೆಯುವವನ ಕೆಲಸವೇ ಓದುಗರಿಗೆ ಸಿಟ್ಟು ಬರಿಸುವುದು. ಅವನ ಪೈಲ್ವಾನ ಸೊಕ್ಕಿನಿಂದ ಮಾತಾಡಿದ ಎಂದು ಹ್ಯಾಂಡ್ಲರನನ್ನೇ ಸೊಕ್ಕಿನವನು ಎಂದು ಬೈಯುವುದು ತಪ್ಪು. ಕಾಲೇಜು ನಾಟಕದಲ್ಲಿ ಖಳನ ಪಾತ್ರ ಮಾಡಿದ ಸಹಪಾಠಿಯೊಡನೆ ಮಾರನೆಯ ದಿನ ನಾವು ಮಾತು ಬಿಡುತ್ತೇವೆಯೇ? ಹಾಗೆಯೇ ಇದು. ಅಭಿಪ್ರಾಯ ಬರೆಯುವಾಗ ‘ನೀನು’ ಎಂದು ಆರಂಭಿಸುವ ಬದಲು ‘ಈ ದೃಶ್ಯ’, ‘ಈ ಪಾತ್ರ’, ‘ಈ ಸಾಲು’ ಎಂದು ಆರಂಭಿಸಿದರೆ ಅರ್ಧ ಜಗಳ ತಪ್ಪುತ್ತದೆ.

ಇದಕ್ಕೆ ಸಂಶೋಧನೆಯ ಆಧಾರವೂ ಇದೆ. ಅವ್ರಾಹಂ ಕ್ಲೂಗರ್ ಮತ್ತು ಏಂಜೆಲೊ ಡಿನಿಸಿ ಎಂಬ ಮನಶ್ಶಾಸ್ತ್ರಜ್ಞರು, ಫೀಡ್‌ಬ್ಯಾಕ್ ಕುರಿತು ಅದುವರೆಗೆ ನಡೆದಿದ್ದ ಅಧ್ಯಯನಗಳನ್ನು ಒಟ್ಟುಗೂಡಿಸಿ 1996ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ಸರಾಸರಿಯಲ್ಲಿ ಫೀಡ್‌ಬ್ಯಾಕ್‌ನಿಂದ ಕೆಲಸ ಸುಧಾರಿಸುತ್ತದೆ. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಇನ್ನೂ ಹದಗೆಟ್ಟಿತ್ತು. ಗಮನ ಕೆಲಸದಿಂದ ಸರಿದು ವ್ಯಕ್ತಿಯ ಕಡೆಗೆ ಹೋದಷ್ಟೂ ಪ್ರಯೋಜನ ಕಡಿಮೆ ಎಂಬುದು ಅವರ ವಿವರಣೆ. ‘ನೀನು ಬುದ್ಧಿವಂತ’ ಎಂಬ ಹೊಗಳಿಕೆಯೂ, ‘ನಿನಗೆ ಬರೆಯಲು ಬಾರದು’ ಎಂಬ ತೆಗಳಿಕೆಯೂ ಇದೇ ಗುಂಪಿಗೆ ಸೇರುತ್ತವೆ.

ಹೇಳಲೇಬೇಕಾದ ಕಷ್ಟದ ಮಾತು

ಹಾಗೆಂದು ಎಲ್ಲವನ್ನೂ ‘ಪಾತ್ರ ತಾನೇ’ ಎಂದು ಬಿಟ್ಟುಬಿಡಬೇಕಿಲ್ಲ. ರೆಸ್ಲಿಂಗ್‌ನಲ್ಲಿ ಖಳನಾಯಕನನ್ನು ತಯಾರಿಸಲು ಹಳೆಯದೊಂದು ಅಡ್ಡದಾರಿ ಇದೆ: ಅವನನ್ನು ಪರದೇಶದವನನ್ನಾಗಿ ಅಥವಾ ಪರಧರ್ಮದವನನ್ನಾಗಿ ಮಾಡುವುದು. ಇದಕ್ಕೆ ಒಂದು ನಿಜವಾದ ಉದಾಹರಣೆ ನೋಡಿ. 2004ರ ಕೊನೆಯಲ್ಲಿ ಡಬ್ಲ್ಯೂಡಬ್ಲ್ಯೂಇ ಮುಹಮ್ಮದ್ ಹಸನ್ ಎಂಬ ಅರಬ್ ಅಮೆರಿಕನ್ ಪಾತ್ರವನ್ನು ಪರಿಚಯಿಸಿತು. ಆ ಪಾತ್ರ ಮಾಡಿದವರು ಇಟಾಲಿಯನ್ ಮೂಲದ ಅಮೆರಿಕನ್ ರೆಸ್ಲರ್, ಮಾರ್ಕ್ ಕೊಪಾನಿ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅರಬ್ ಅಮೆರಿಕನ್ನರನ್ನು ಎಲ್ಲರೂ ಸಂಶಯದಿಂದ ನೋಡುತ್ತಿದ್ದಾರೆ ಎಂಬುದು ಆ ಪಾತ್ರದ ಅಳಲಾಗಿತ್ತು. ಅಳಲು ನಿಜವಾದದ್ದೇ. ಆದರೆ ಅದನ್ನು ಹೇಳುವವನನ್ನೇ ಖಳನನ್ನಾಗಿ ಮಾಡಿ, ಪ್ರೇಕ್ಷಕರಿಂದ ಅವನಿಗೆ ಬೈಗುಳ ಹಾಕಿಸಲಾಯಿತು.

2005ರ ಜುಲೈನಲ್ಲಿ ಮುಖ ಮುಚ್ಚಿಕೊಂಡ ಕೆಲವರು ಹಸನ್ ಪರವಾಗಿ ಅಂಡರ್‌ಟೇಕರ್ ಮೇಲೆ ದಾಳಿ ಮಾಡುವ ದೃಶ್ಯ ಚಿತ್ರೀಕರಣವಾಯಿತು. ಅದು ಅಮೆರಿಕದಲ್ಲಿ ಪ್ರಸಾರವಾದ ದಿನ ಜುಲೈ 7. ಅದೇ ದಿನ ಲಂಡನ್ನಿನಲ್ಲಿ ಬಾಂಬ್ ಸ್ಫೋಟಗಳು ನಡೆದಿದ್ದವು. ಆಕ್ಷೇಪಗಳು ಬಂದವು, ಪ್ರಸಾರ ಮಾಡುವ ಯುಪಿಎನ್ ವಾಹಿನಿ ಆ ಪಾತ್ರ ಬೇಡ ಎಂದಿತು, ಅದೇ ತಿಂಗಳಲ್ಲಿ ಪಾತ್ರವೇ ಮುಗಿಯಿತು.

ಇಲ್ಲಿ ಕಲಿಯುವುದೇನು? ದಿನಾಂಕ ಕೂಡಿಬಂದದ್ದು ಆಕಸ್ಮಿಕ. ಆದರೆ ಪಾತ್ರದ ದೋಷ ಮೊದಲ ದಿನದಿಂದಲೇ ಇತ್ತು. ಅವನ ಹೆಸರು, ಉಡುಪು, ಭಾಷೆ ತೆಗೆದುಹಾಕಿದರೆ ಅವನು ಕೆಟ್ಟವನಾಗಲು ಕಥೆಯಲ್ಲಿ ಗಟ್ಟಿಯಾದ ಕಾರಣ ಉಳಿಯುತ್ತಿರಲಿಲ್ಲ. ಇದು ನೋಯಿಸುವ ಸಂಗತಿ ಮಾತ್ರವಲ್ಲ, ಕಥೆ ಕಟ್ಟುವುದರಲ್ಲಿಯೇ ಇರುವ ದೋಷ. ಕಾಲ್ಪನಿಕ ಲೀಗುಗಳಲ್ಲಿಯೂ ಇಂಥ ಪಾತ್ರ ಎದುರಾಗಬಹುದು. ನಮ್ಮ ಹೆಸರನ್ನೇ ಇಟ್ಟುಕೊಂಡ ಪಾತ್ರವನ್ನು ಹೀಗೆ ಬರೆದಿರುವುದನ್ನು ಓದುವಾಗ ಸಿಟ್ಟು ಬರುವುದು ಸಹಜ. ‘ನೀನು ದ್ವೇಷಿ’ ಎಂದು ಬರೆದರೆ ಲೇಖಕ ತನ್ನನ್ನು ಸಮರ್ಥಿಸಿಕೊಳ್ಳಲು ಇಳಿಯುತ್ತಾನೆ, ಪಾತ್ರದ ಮಾತು ಅಲ್ಲಿಗೇ ನಿಲ್ಲುತ್ತದೆ. ‘ಈ ಪಾತ್ರ ಏನು ಮಾಡಿದ ಎಂದು ನಾನು ಅವನನ್ನು ದ್ವೇಷಿಸಬೇಕು? ಅವನ ಧರ್ಮ ಬಿಟ್ಟು ಬೇರೆ ಕಾರಣ ನನಗೆ ಸಿಗಲಿಲ್ಲ. ಓದುತ್ತಾ ಇದು ನನ್ನ ಬಗ್ಗೆಯೇ ಹೇಳಿದ ಮಾತು ಎನಿಸಿತು’ ಎಂದು ಬರೆದರೆ ಅವನು ಉತ್ತರ ಕೊಡಲೇಬೇಕಾಗುತ್ತದೆ. ಆಮೇಲೂ ಅವನು ಬದಲಾಗದಿದ್ದರೆ ಲೀಗಿನ ಮುಖ್ಯಸ್ಥರಿಗೆ ತಿಳಿಸುವುದು, ಅಲ್ಲಿಂದ ಹೊರಬರುವುದು ನಮ್ಮ ಹಕ್ಕು. ವಿನಯ ಎಂದರೆ ಸುಮ್ಮನಿರುವುದು ಎಂದು ಅರ್ಥವಲ್ಲ.

ಹೇಳುವ ಕ್ರಮ

ಬರವಣಿಗೆ ಕಲಿಸುವವರು ಮತ್ತು ಕಲಾವಿದರು ರೂಪಿಸಿದ ಎರಡು ಕ್ರಮಗಳು ಇಲ್ಲಿ ಬಹಳ ಉಪಯುಕ್ತ. ಅಮೆರಿಕದ ಪ್ರಾಧ್ಯಾಪಕ ಪೀಟರ್ ಎಲ್ಬೋ 1973ರಲ್ಲಿ ಪ್ರಕಟಿಸಿದ ‘ರೈಟಿಂಗ್ ವಿದೌಟ್ ಟೀಚರ್ಸ್’ ಪುಸ್ತಕದಲ್ಲಿ ಒಂದು ಸರಳ ಸಲಹೆ ಇದೆ. ಬರಹ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಕೊಡುವ ಬದಲು, ಓದುವಾಗ ನಿಮ್ಮ ಮನಸ್ಸಿನಲ್ಲಿ ಏನೇನು ನಡೆಯಿತು ಎಂಬುದನ್ನು ಸಿನಿಮಾ ತೋರಿಸಿದಂತೆ ಹೇಳಿ. ‘ಇಲ್ಲಿ ನಕ್ಕೆ, ಇಲ್ಲಿ ಎರಡು ಪ್ಯಾರಾ ಬಿಟ್ಟು ಮುಂದೆ ಹೋದೆ, ಇಲ್ಲಿ ಯಾರು ಯಾರನ್ನು ಎತ್ತಿದರು ಎಂದು ತಿಳಿಯದೆ ಮತ್ತೆ ಓದಿದೆ.’ ಇದಕ್ಕೆ ರೆಸ್ಲಿಂಗ್ ಪಂಡಿತರಾಗಬೇಕಿಲ್ಲ. ನಿನ್ನೆ ಸೇರಿದ ಸದಸ್ಯನೂ ಹೇಳಬಹುದು, ಯಾರೂ ಅದನ್ನು ಸುಳ್ಳು ಎನ್ನುವಂತಿಲ್ಲ.

ಇನ್ನೊಂದು ಕ್ರಮ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರ ಸುಮಾರಿಗೆ ರೂಪಿಸಿದ್ದು. ಇದರಲ್ಲಿ ನಾಲ್ಕು ಹೆಜ್ಜೆಗಳಿವೆ. ಮೊದಲು, ನೋಡಿದವರು ತಮಗೆ ಅರ್ಥಪೂರ್ಣ ಎನಿಸಿದ್ದನ್ನು ಹೇಳುತ್ತಾರೆ. ನಂತರ ಕಲಾವಿದರು ತಮ್ಮ ಕೆಲಸದ ಬಗ್ಗೆ ತಾವೇ ಪ್ರಶ್ನೆ ಕೇಳುತ್ತಾರೆ. ಆಮೇಲೆ ನೋಡಿದವರು ಅಭಿಪ್ರಾಯ ಅಡಗಿಸದ ಪ್ರಶ್ನೆಗಳನ್ನು ಕೇಳುತ್ತಾರೆ. ಕೊನೆಯಲ್ಲಿ ಮಾತ್ರ, ಕಲಾವಿದರ ಒಪ್ಪಿಗೆ ಪಡೆದು ಅಭಿಪ್ರಾಯ ಹೇಳುತ್ತಾರೆ. ‘ಪಂದ್ಯ ಯಾಕಿಷ್ಟು ಉದ್ದ?’ ಎಂಬುದರಲ್ಲಿ ಟೀಕೆ ಅಡಗಿದೆ. ‘ಪಂದ್ಯದ ಉದ್ದವನ್ನು ಹೇಗೆ ನಿರ್ಧರಿಸಿದಿರಿ?’ ಎಂಬುದು ನಿಜವಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುವಾಗ ಎಷ್ಟೋ ಸಲ ಲೇಖಕನಿಗೇ ದೋಷ ಕಾಣಿಸುತ್ತದೆ.

ಇಷ್ಟೆಲ್ಲಾ ನೆನಪಿಡುವುದು ಕಷ್ಟವಾದರೆ ಪ್ರತಿ ಪಂದ್ಯಕ್ಕೆ ಮೂರು ವಾಕ್ಯ ಬರೆಯಿರಿ. ಮನಸ್ಸಿನಲ್ಲಿ ಉಳಿದ ಒಂದು ಕ್ಷಣ, ನಂಬಿಕೆ ತಪ್ಪಿದ ಅಥವಾ ಗೊಂದಲವಾದ ಒಂದು ಜಾಗ, ಮುಂದೇನಾಗುತ್ತದೆ ಎಂದು ಕೇಳಬೇಕೆನಿಸಿದ ಒಂದು ಪ್ರಶ್ನೆ. ಐದು ಪಂದ್ಯಕ್ಕೆ ಹದಿನೈದು ವಾಕ್ಯ. ಅರ್ಧ ಗಂಟೆಯ ಕೆಲಸ. ತಡ ಮಾಡಬೇಡಿ; ಮುಂದಿನ ಪ್ರದರ್ಶನ ಬರೆದು ಮುಗಿದ ಮೇಲೆ ಬಂದ ಸಲಹೆ ಉಪಯೋಗಕ್ಕೆ ಬಾರದು. ನಿಮ್ಮ ಪೈಲ್ವಾನ ಇರುವ ಪಂದ್ಯವನ್ನು ಮಾತ್ರ ಓದಿ ಬರೆಯಬೇಡಿ. ಮೊದಲ ಪಂದ್ಯದ ಹೊಸಬನನ್ನು ಮರೆಯಬೇಡಿ, ಅವನಿಗೇ ಅಭಿಪ್ರಾಯದ ಅಗತ್ಯ ಹೆಚ್ಚು.

ಅಭಿಪ್ರಾಯ ಪಡೆಯುವವರಿಗೂ ಒಂದೆರಡು ಮಾತು. ಓದುಗ ಹೇಳಿದ ಪ್ರತಿ ಮಾತಿಗೂ ಸಮಜಾಯಿಷಿ ಕೊಡಬೇಕಿಲ್ಲ. ‘ನಾನು ಹೇಳಲು ಹೊರಟದ್ದು ಅದಲ್ಲ’ ಎಂದು ವಿವರಿಸಬೇಕಾಗಿ ಬಂದರೆ, ಬರಹದಲ್ಲಿ ಅದು ಬಂದಿಲ್ಲ ಎಂದೇ ಅರ್ಥ. ಮೂವರು ಒಂದೇ ಜಾಗವನ್ನು ತೋರಿಸಿದರೆ ಆ ಜಾಗದಲ್ಲಿ ಏನೋ ಇದೆ ಎಂದು ತಿಳಿಯಿರಿ. ಅವರು ಸೂಚಿಸಿದ ಪರಿಹಾರ ನಿಮಗೆ ಒಪ್ಪಿಗೆಯಾಗದಿರಬಹುದು. ಪರಿಹಾರ ಹುಡುಕುವುದು ಲೇಖಕನ ಕೆಲಸ, ತೊಂದರೆ ಎಲ್ಲಿದೆ ಎಂದು ತೋರಿಸುವುದು ಓದುಗನ ಕೆಲಸ.

ನಮ್ಮಲ್ಲಿ ಇ-ಫೆಡ್ ಸೇರುವವರು ಬೆರಳೆಣಿಕೆಯಷ್ಟು ಇರಬಹುದು. ಆದರೆ ಗೋಡೆ ಪತ್ರಿಕೆಗೆ ಕವಿತೆ ಕೊಡುವವರು, ವಾರ್ಷಿಕೋತ್ಸವಕ್ಕೆ ಕಿರುನಾಟಕ ಬರೆಯುವವರು, ಇದೇ ಸುದ್ದಿಪತ್ರಕ್ಕೆ ಮೊದಲ ಸಲ ಲೇಖನ ಕೊಡುವವರು ಪ್ರತಿ ವರ್ಷವೂ ಇರುತ್ತಾರೆ. ಅವರಲ್ಲಿ ಯಾರಾದರೂ ‘ಹೇಗಿದೆ?’ ಎಂದು ಕೇಳಿದಾಗ ‘ಸೂಪರ್’ ಎಂದು ಹೇಳಿ ಮುಂದೆ ಹೋಗುವ ಮುನ್ನ, ಅದರಲ್ಲಿ ನಿಮಗೆ ನೆನಪಿರುವ ಒಂದು ಸಾಲನ್ನಾದರೂ ಅವರಿಗೆ ಹೇಳಿ.